ನೀ ಆರ ಮನೆ ಹೆಣ್ಣು?

ಕಷ್ಟ ಬರೆಯಿರಿ ಎಂದರು. ಭಾನುವಾರ ಮಧ್ಯಾಹ್ನ ದಿಂಡಿಗಲ್ಲಿನ ಒಂದು ಶಾಲೆಯ ಕೋಣೆಯಲ್ಲಿ ನಾವು ಮನೆಗೆಲಸದ ಹೆಂಗಸರು ಸೇರುತ್ತೇವೆ. ಸೇರಿಸಿದವರು ಒಬ್ಬ ರಿಟೈರ್ಡ್ ಟೀಚರ್. ನಿಮ್ಮ ಬದುಕು, ನಿಮ್ಮ ದುಡಿಮೆ, ಅದನ್ನು ಬೇರೆಯವರು ಯಾಕೆ ಬರೆಯಬೇಕು, ನೀವೇ ಬರೆಯಿರಿ ಎಂದು ಕಾಗದ ಪೆನ್ನು ಕೊಟ್ಟು ಕೂರಿಸುತ್ತಾರೆ. ಒಳ್ಳೆಯ ಹೆಂಗಸು, ಇಲ್ಲ ಎನ್ನುವುದಿಲ್ಲ. ಆದರೆ ನಾವು ಏನು ಬರೆದರೂ ಅದರಲ್ಲಿ ಕಣ್ಣೀರು ಎಲ್ಲಿದೆ ಎಂದು ಹುಡುಕುತ್ತಾರೆ. ಅದು ಕಂಡಾಗ ನನಗೆ ರೇಗುತ್ತದೆ. ಉಳಿದವರು ತಮಿಳಿನಲ್ಲಿ ಬರೆಯುತ್ತಾರೆ. ಜಾರ್ಖಂಡಿನಿಂದ ಬಂದವಳೊಬ್ಬಳು ಹಿಂದಿಯಲ್ಲಿ ಬರೆಯುತ್ತಾಳೆ. ನಾನು ಕನ್ನಡದಲ್ಲಿ ಬರೆಯುತ್ತೇನೆ. ಆ ಕೋಣೆಯಲ್ಲಿ ಇದನ್ನು ಓದಬಲ್ಲವರು ಯಾರೂ ಇಲ್ಲ, ಅದೊಂದು ನೆಮ್ಮದಿ.

ಕೂತಲ್ಲಿ ಕೂರುವ ಜಾಯಮಾನವೂ ನನ್ನದಲ್ಲ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಕಾಲು ತುರಿಸುತ್ತದೆ. ಎದ್ದು ಕಿಟಕಿ ತೆರೆಯುತ್ತೇನೆ, ಬೆಂಚಿನ ಮೇಲಿನ ಸುಣ್ಣದ ಪುಡಿ ಸೆರಗಿನಿಂದ ಒರೆಸುತ್ತೇನೆ. “ಇದು ನೀನು ಕೆಲಸಕ್ಕಿರೋ ಮನೆ ಅಲ್ಲಮ್ಮ, ಕೂತ್ಕೋ” ಎಂದು ಟೀಚರ್ ನಗುತ್ತಾರೆ. ಕೂರುತ್ತೇನೆ. ಮತ್ತೆ ಏಳುತ್ತೇನೆ. ಈಗ ಬರೆಯುತ್ತಿರುವುದನ್ನೂ ಹಾಗೇ ಎದ್ದು ಕೂತು ಬರೆಯುತ್ತಿದ್ದೇನೆ.

ನನ್ನ ಊರು ತೇನಿ ಕಡೆಯ ಗೂಡಲೂರು. ಕಂಬಂ ಕಣಿವೆ ಮುಗಿಯುವ ಜಾಗ. ಅಲ್ಲಿಂದ ಮುಂದೆ ಕುಮಿಳಿ ಘಾಟಿ, ಘಾಟಿಯ ಮೇಲೆ ಕೇರಳ. ನಮ್ಮವರು ಎಂದೋ ಕನ್ನಡ ಸೀಮೆಯಿಂದ ಬಂದು ಇಲ್ಲಿ ಉತ್ತು ಬಿತ್ತಿ ನಿಂತವರು. ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮನೆಯ ಮಾತನ್ನು ನಮ್ಮಲ್ಲಿ ಯಾರೂ ಬರೆಯುವುದಿಲ್ಲ, ಬರೆಯಲು ಬರುವುದೂ ಇಲ್ಲ. ನನಗೆ ಬಂದದ್ದು ಹೊಟ್ಟೆಪಾಡಿನಿಂದ. ಮದುವೆಗೆ ಮುಂಚೆ ಮೈಸೂರಿನ ಒಂದು ಮನೆಯಲ್ಲಿ ಮಗು ನೋಡಿಕೊಳ್ಳಲು ಹೋಗಿದ್ದೆ. ಆ ಮಗು ಸ್ಲೇಟು ಹಿಡಿದು ಅಕ್ಷರ ತಿದ್ದುವಾಗ ಪಕ್ಕದಲ್ಲಿ ಕೂತು ನಾನೂ ತಿದ್ದಿದೆ. ಮಗುವಿನ ಕಥೆ ಪುಸ್ತಕ, ಸೊಪ್ಪು ಸುತ್ತಿ ಬಂದ ಪೇಪರು, ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಬರವಣಿಗೆ ಅಲ್ಲಿಯದು, ಮಾತು ಮಾತ್ರ ಗೂಡಲೂರಿನದು. ನಾನು ಬಾಯಿ ತೆರೆದರೆ ಆ ಮನೆಯವರು ಬಿದ್ದು ಬಿದ್ದು ನಗುತ್ತಿದ್ದರು. “ಇದು ಯಾವ ಕಾಲದ ಕನ್ನಡಾನೇ?” ಎಂದು ನೆಂಟರ ಮುಂದೆ ನನ್ನನ್ನು ಕರೆದು ಮಾತಾಡಿಸುತ್ತಿದ್ದರು.

ಮೈಸೂರಿಗೆ ಹೋದದ್ದನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ನೆಂಟರ ಮನೆಗೆ ಹೋಗಿದ್ದಾಳೆ ಎಂದು ಅಮ್ಮ ಸಾರಿದ್ದಳು. ನಮ್ಮ ಹೆಂಗಸರು ಕೂಲಿಗೆ ಹೋಗದವರೇನಲ್ಲ. ಬೆಳಗಾದರೆ ಜೀಪು ಹತ್ತಿ ಘಾಟಿಯ ಮೇಲಿನ ಏಲಕ್ಕಿ ತೋಟಗಳಿಗೆ ಹೋಗುತ್ತಾರೆ, ದ್ರಾಕ್ಷಿ ಚಪ್ಪರದ ಕೆಳಗೆ ಕತ್ತು ನೋಯುವವರೆಗೆ ಗೊನೆ ಕತ್ತರಿಸುತ್ತಾರೆ. ಅದರಿಂದ ಮಾನ ಹೋಗುವುದಿಲ್ಲ. ಇನ್ನೊಬ್ಬರ ಎಂಜಲು ತಟ್ಟೆ ತೊಳೆದರೆ ಹೋಗುತ್ತದೆ. ಗಂಡ ತೀರಿಕೊಂಡ ಮೇಲೆ ನಾನೂ ಏಲಕ್ಕಿ ತೋಟಕ್ಕೇ ಹೋಗುತ್ತಿದ್ದೆ. ಮೇಲಿನ ಚಳಿಗೆ ಎದೆ ಕಟ್ಟಿಕೊಳ್ಳತೊಡಗಿತು, ಮಗಳು ಕಾಲೇಜು ಸೇರಿದಳು. ಆಗ ಕೆಲಸಕ್ಕೆ ಆಳು ಒದಗಿಸುವ ಹೆಂಗಸೊಬ್ಬಳು ದಿಂಡಿಗಲ್ಲಿನ ಒಂದು ಮನೆಗೆ ಕರೆತಂದಳು. ಮಗಳನ್ನು ಅಮ್ಮನ ಹತ್ತಿರ ಬಿಟ್ಟು, ನೂಲಿನ ಮಿಲ್ಲಿನಲ್ಲಿ ಕೆಲಸ ಸಿಕ್ಕಿದೆ ಎಂದು ಬೀದಿಯಲ್ಲಿ ಹೇಳಿ ಬಸ್ಸು ಹತ್ತಿದೆ.

ಅದು ಬೀಗದ ವ್ಯಾಪಾರಿಯ ಮನೆ. ಗಂಡ, ಹೆಂಡತಿ, ಗಂಡನ ತಾಯಿ. ತಾಯಿಗೆ ಪಾರ್ಶ್ವ ಹೊಡೆದು ಹಾಸಿಗೆ ಹಿಡಿದಿದ್ದರು, ಅವರನ್ನು ನೋಡಿಕೊಳ್ಳಲು ಮನೆಯಲ್ಲೇ ಇರುವ ಹೆಂಗಸು ಬೇಕಿತ್ತು. ಮನೆಯ ಯಜಮಾನಿ ನನ್ನನ್ನು ತಮಿಳಿನಲ್ಲಿ ಊರು ಕೇಳಿದರು, ರಜೆ ಎಷ್ಟು ತೆಗೆಯುತ್ತೀಯ ಎಂದು ಕೇಳಿದರು. ನಾನು ತಮಿಳಿನಲ್ಲಿ ಉತ್ತರ ಕೊಟ್ಟೆ. ಆಮೇಲೆ ಅವರು ಗಂಡನ ಕಡೆ ತಿರುಗಿ, ನಾನು ಎದುರಿಗೇ ನಿಂತಿರುವಾಗ, ನಮ್ಮ ಮನೆಯ ಮಾತಿನಲ್ಲಿ ಹೇಳಿದರು: “ಕಳ್ಳಿ ತರ ಕಾಣ್ಸಲ್ಲ. ಆದ್ರೂ ಬೀರು ಕೀಲಿ ನಾ ಸೊಂಟದಾಗೇ ಇಟ್ಕತೀನಿ.”

ಇವರು ನಮ್ಮವರು!

ನಮ್ಮವರಲ್ಲಿ ಒಂದು ಪದ್ಧತಿ ಇದೆ. ಕನ್ನಡ ಆಡುವ ಹೆಣ್ಣು ಯಾರೇ ಮನೆಗೆ ಬರಲಿ, ಮೊದಲು ಚೊಂಬಿನಲ್ಲಿ ನೀರು ಕೊಡಬೇಕು. ಕುಡಿದಾದ ಮೇಲೆ “ನೀ ಆರ ಮನೆ ಹೆಣ್ಣು?” ಎಂದು ಕೇಳಬೇಕು. ಅಪ್ಪನ ಕುಲ ಯಾವುದು, ಅಮ್ಮನ ಕುಲ ಯಾವುದು ಎಂದು ಬಿಡಿಸಿ ಬಿಡಿಸಿ ಕೇಳಿ, ಕೊನೆಗೆ ಅವಳು ತನಗೆ ಯಾವ ವರಸೆ, ಏನಾಗಬೇಕು ಎಂದು ಲೆಕ್ಕ ಹಾಕುತ್ತಾರೆ. ಅತ್ತೆಯೋ, ಅತ್ತಿಗೆಯೋ, ಚಿಕ್ಕಮ್ಮನೋ, ಏನಾದರೊಂದು ಆಗಿಯೇ ಆಗುತ್ತಾಳೆ. ಆದ ಮೇಲೆ ಅವಳ ಕೈಯಲ್ಲಿ ಎಂಜಲು ತಟ್ಟೆ ತೊಳೆಸಲು ಬರುವುದಿಲ್ಲ. ನಾನು ನಮ್ಮವಳು ಎಂದು ಗೊತ್ತಾದ ಗಳಿಗೆಯೇ ಅವರು ನನ್ನನ್ನು ಕೂರಿಸಿ, ನೀರು ಕೊಟ್ಟು, ಊಟ ಹಾಕಿ ಮರ್ಯಾದೆಯಿಂದ ಬಸ್ಸು ಹತ್ತಿಸುತ್ತಿದ್ದರು. ಮರ್ಯಾದೆ ಕಟ್ಟಿಕೊಂಡು ಮಗಳ ಕಾಲೇಜಿಗೆ ಏನು ಕೊಡಲಿ? ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಪಾತ್ರೆಗೆ ಕೈ ಹಾಕಿದೆ. ಹಿಂದಿನ ಕಿಟಕಿಯ ಕಟ್ಟೆಯ ಮೇಲೆ ನನಗೆಂದು ಒಂದು ಲೋಟ, ಒಂದು ತಟ್ಟೆ ಬೇರೆ ಇಟ್ಟರು. ಲೋಟದ ಬುಡಕ್ಕೆ ಕೆಂಪು ನೇಲ್ ಪಾಲಿಶ್‌ನ ಒಂದು ಬೊಟ್ಟು.

ಮನೆ ತುಂಬ ಬೀಗಗಳು. ಬಾಯಿಗೆ ಮಾತ್ರ ಬೀಗವಿರಲಿಲ್ಲ. ಆಳಿನ ಮುಂದೆ ಆಡಬಾರದ ಮಾತೆಲ್ಲ ಕನ್ನಡದಲ್ಲಿ ಆಡುತ್ತಿದ್ದರು. ನಮ್ಮವರೆಲ್ಲ ಮಾಡುವುದು ಅದೇ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಬಟ್ಟೆ ಅಂಗಡಿಯಲ್ಲಿ. ಈ ನಾಡಿನಲ್ಲಿ ಅದು ಯಾರಿಗೂ ತಿಳಿಯದ ಭಾಷೆ ಎಂದು ನೂರಾರು ವರ್ಷದ ನಂಬಿಕೆ. ನನ್ನ ಸಾರು ಉಪ್ಪಾಗಿದೆ ಎಂದರು, ನಾನು ತುಂಬ ತಿನ್ನುತ್ತೇನೆ ಎಂದರು, ಕೈ ಮಾತ್ರ ಚುರುಕು ಎಂದರು. ಹೊಗಳಿದರೂ ಬೈದರೂ ಮುಖ ಗೋಡೆಯಂತೆ ಇಟ್ಟುಕೊಂಡು ನಿಲ್ಲಬೇಕು. ನೆಲ ಒರೆಸುವುದಕ್ಕಿಂತ ಅದು ಹೆಚ್ಚು ದಣಿವಿನ ಕೆಲಸ.

ಇನ್ನು ಅಜ್ಜಿ. ಪಾರ್ಶ್ವ ಹೊಡೆದಾಗ ಅವರ ಬಲಗೈ ಹೋಯಿತು, ಜೊತೆಗೆ ತಮಿಳೂ ಹೋಯಿತು. ಹುಟ್ಟಿದಾಗಿನಿಂದ ಎರಡನ್ನೂ ಆಡಿದ ಹೆಂಗಸು. ಹೀಗೂ ಆಗುವುದುಂಟು ಎಂದು ಡಾಕ್ಟರ್ ಹೇಳಿದರಂತೆ. ಈಗ ಅವರಿಗೆ ತಮಿಳು ಆಡಲೂ ಬಾರದು, ಆಡಿದರೆ ತಿಳಿಯುವುದೂ ಇಲ್ಲ. ಮನೆಯ ಮಾತೊಂದೇ ಉಳಿದಿತ್ತು. ನಾನೋ ಅವರ ಮಟ್ಟಿಗೆ ತಮಿಳಿನವಳು. ಅವರು “ಬಾಯಾರ್ತೈತೆ” ಎಂದರೆ ನಾನು ಪೆದ್ದಿಯಂತೆ ನೋಡಬೇಕು. ಯಜಮಾನಿ ಅಡುಗೆಮನೆಯಿಂದ ಬಂದು “ನೀರು ಬೇಕಂತೆ” ಎಂದು ತಮಿಳಿನಲ್ಲಿ ಹೇಳಿದ ಮೇಲೆ ಎದ್ದು ಹೋಗಬೇಕು. ಒಮ್ಮೆ “ಚಳಿ ಕಣವ್ವ” ಎಂದು ಅವರ ಬಾಯಿಂದ ಬಂದದ್ದೇ ತಡ, ನನ್ನ ಕೈ ಹೊದಿಕೆ ಎಳೆದಿತ್ತು. ಯಜಮಾನಿ ನನ್ನನ್ನೇ ನೋಡಿದರು. “ನಡುಗ್ತಾ ಇದ್ರು ಅಕ್ಕಾ” ಎಂದು ತಮಿಳಿನಲ್ಲಿ ತೇಲಿಸಿದೆ.

ಯಾರೂ ಇಲ್ಲದಾಗ ಅಜ್ಜಿಯೊಂದಿಗೆ ನಾಲ್ಕು ಮಾತು ಆಡಬಹುದಿತ್ತಲ್ಲ ಎಂದು ಈ ಕೋಣೆಯ ಹೆಂಗಸರು ಕೇಳುತ್ತಾರೆ. ಆಡಿದ್ದರೆ ಸಂಜೆಯೊಳಗೆ ಅಜ್ಜಿ “ಈ ಹೆಣ್ಣು ನಮ್ಮವಳು” ಎಂದು ಮನೆಗೆಲ್ಲ ಕೂಗಿ ಹೇಳುತ್ತಿದ್ದರು. ಆದ್ದರಿಂದ ತಲೆ ಬಾಚುವಾಗ, ಮೈ ಒರೆಸುವಾಗ, ಮಗ್ಗುಲು ತಿರುಗಿಸುವಾಗ ಅವರು ಮಾತಾಡುತ್ತಲೇ ಇರುತ್ತಿದ್ದರು, ನಾನು ಮೂಕಿಯಂತೆ ಇರುತ್ತಿದ್ದೆ. ನನ್ನ ಅಜ್ಜಿಯ ಮಾತು, ನನ್ನ ಅಜ್ಜಿಯದೇ ದನಿ. ಒಂದೊಂದು ದಿನ ಗಂಟಲಲ್ಲಿ ಬಿಸಿ ತುಪ್ಪ ಇಟ್ಟುಕೊಂಡು ಓಡಾಡಿದ ಹಾಗೆ ಇರುತ್ತಿತ್ತು.

ಅಜ್ಜಿಯ ಮಾತಿನಲ್ಲಿ ಹೆಚ್ಚಿನದು ಅವರ ತಂಗಿಯ ಮಾತು. ತಂಗಿಯನ್ನು ಉತ್ತಮಪಾಳಯಂಗೆ ಕೊಟ್ಟಿದ್ದರು. ಬಾಳೆ ತೋಟದ ಮನೆ. ಮುಂಚೆ ತಿಂಗಳಿಗೊಮ್ಮೆಯಾದರೂ ಬಸ್ಸು ಹತ್ತಿ ಅಕ್ಕನನ್ನು ನೋಡಲು ಬರುತ್ತಿದ್ದರಂತೆ. ಈಗ ಬರುತ್ತಿಲ್ಲ. ಯಾಕೆ ಬರುತ್ತಿಲ್ಲ ಎಂಬುದು ಅಜ್ಜಿಗೆ ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ. ತಂಗಿಯ ಕಿಡ್ನಿ ಕೈಕೊಟ್ಟಿತ್ತು. ಇನ್ನು ಹೆಚ್ಚು ಕಾಲ ಇಲ್ಲ ಎಂದು ಮಧುರೆಯ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಇದನ್ನು ಮಗ, ಸೊಸೆ ಅಜ್ಜಿಯ ಮಂಚದ ಪಕ್ಕದಲ್ಲೇ ನಿಂತು ತಮಿಳಿನಲ್ಲಿ ಮಾತಾಡುತ್ತಿದ್ದರು. ಊರಿನ ಹೆಸರು ಎತ್ತದೆ ‘ಅಲ್ಲಿ’ ಎನ್ನುತ್ತಿದ್ದರು. ನನ್ನಿಂದ ಮುಚ್ಚಿಡಲು ಕನ್ನಡ, ಅಜ್ಜಿಯಿಂದ ಮುಚ್ಚಿಡಲು ತಮಿಳು. ಎರಡೂ ನನ್ನ ಕಿವಿಗೇ ಬಂದು ಬೀಳುತ್ತಿದ್ದವು.

ಅವರನ್ನು ಕೆಟ್ಟವರು ಎಂದು ಬರೆಯಲಾರೆ. ಅಜ್ಜಿಗೆ ಮತ್ತೊಮ್ಮೆ ಆಘಾತವಾದರೆ ಉಳಿಯುವುದಿಲ್ಲ ಎಂದು ಡಾಕ್ಟರ್ ಹೆದರಿಸಿದ್ದರು. ಫೋನಿನಲ್ಲಾದರೂ ಮುಖ ತೋರಿಸೋಣವೆಂದರೆ ತಂಗಿಯ ಮೂಗಿನಲ್ಲಿ ನಳಿಕೆ. ಮಗನಿಗೆ ತಾಯಿ ಎಂದರೆ ಪ್ರಾಣ. ಆ ಪ್ರಾಣದ ಭಯಕ್ಕೇ ಅವರು ಎಲ್ಲ ಬಾಗಿಲನ್ನೂ ಹಾಕಿಕೊಂಡಿದ್ದರು.

ಒಂದು ದಿನ ಅಡುಗೆಮನೆಯಲ್ಲಿ ನಾನು ಗ್ರೈಂಡರ್ ತೊಳೆಯುತ್ತಿದ್ದೆ. ಯಜಮಾನಿಯ ಕೈಗೆ ಹಿಟ್ಟು ಮೆತ್ತಿತ್ತು, ಫೋನು ಬಂದಾಗ ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟರು. ಸೋತ ದನಿಯೊಂದು ನಮ್ಮ ಮಾತಿನಲ್ಲಿ ಕೇಳಿತು:

“ಅಕ್ಕನ ಒಂದ್ಸಲ ಕರ್ಕೊಂಬಾವ್ವ. ಮೊಕ ನೋಡ್ಬುಟ್ಟು ಹೋಯ್ತೀನಿ.”

“ಬತ್ತೀವಿ ಚಿಕ್ಕತ್ತೆ, ಈ ವಾರ್ದಾಗೇ ಬತ್ತೀವಿ. ನೀವು ದೈರ್ಯವಾಗಿರಿ” ಎಂದರು ಯಜಮಾನಿ. ಫೋನು ಇಟ್ಟ ಮೇಲೆ ಅವರ ಕಣ್ಣು ತುಂಬಿತ್ತು. ಊಟಕ್ಕೆ ಬಂದ ಗಂಡನಿಗೆ, ನಾನು ಅಲ್ಲೇ ಇದ್ದೆನಲ್ಲ, ಕನ್ನಡದಲ್ಲಿ ಹೇಳಿದರು: “ಬತ್ತೀವಿ ಅಂತ ಸುಮ್ಕೆ ಅಂದ್ಬುಟ್ಟೆ. ಏನ್ ಮಾಡ್ಲಿ? ಇನ್ನೇನು ಮುಗೀತು ಅಲ್ಲಿ. ಅತ್ತೆಗೆ ಆಮ್ಯಾಕೂ ಹೇಳೋದು ಬ್ಯಾಡ.”

ಅವತ್ತಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತೊಳೆದ ಪಾತ್ರೆ ಮತ್ತೆ ತೊಳೆದೆ. ಒಣಗದ ಬಟ್ಟೆ ಎತ್ತಿಕೊಂಡು ಬಂದು ಬೈಸಿಕೊಂಡೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಊರಲ್ಲಿ ಸುಳ್ಳು ಬಯಲಾಗುತ್ತದೆ. ಬಿಡದಿದ್ದರೆ ಆ ಅಜ್ಜಿ ತಂಗಿಯ ಮುಖ ಕಾಣದೆ ಹೋಗುತ್ತಾರೆ. ಮಗಳೂ ಕಣ್ಣ ಮುಂದೆ, ಅಜ್ಜಿಯೂ ಕಣ್ಣ ಮುಂದೆ.

ಭಾನುವಾರ ಇಲ್ಲಿಗೆ ಬಂದು ಎಲ್ಲರನ್ನೂ ಕೇಳಿದೆ. ಟೀಚರ್ ಯೋಚಿಸುತ್ತ ಕೂತರು. ಜಾರ್ಖಂಡಿನವಳು ಮಾತ್ರ ತನ್ನ ಹರಕು ತಮಿಳಿನಲ್ಲಿ ಥಟ್ಟನೆ ಹೇಳಿದಳು: “ಅಜ್ಜಿ ಅವರದು. ಕೆಲಸ ನಿನ್ನದು. ಬಾಯಿ ಮುಚ್ಚು.” ಅವಳ ಮಾತು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಸಿಟ್ಟು ಬಂತು. ಬರೆಯುವ ಕಾಗದ ಮಡಚಿಟ್ಟು ಬೇಗ ಹೊರಟುಬಿಟ್ಟೆ.

ಮರುದಿನ ಬೆಳಿಗ್ಗೆ ಅಜ್ಜಿಯನ್ನು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರಿಸಿ ತಲೆ ಬಾಚುತ್ತಿದ್ದೆ. ಬಿಳಿ ಕೂದಲು, ಎಣ್ಣೆ ಹಚ್ಚಿದರೆ ಸಾಕು, ಬೆರಳಿಗೆ ಸಿಗುತ್ತಿರಲಿಲ್ಲ. ಅವರು ಎಂದಿನಂತೆ ತಮ್ಮಷ್ಟಕ್ಕೆ ಆಡಿಕೊಳ್ಳುತ್ತಿದ್ದರು. ಇದ್ದಕ್ಕಿದ್ದಂತೆ ಮಾತು ತಂಗಿಯ ಕಡೆ ತಿರುಗಿತು.

“ಮುನಿಸ್ಕೊಂಡವ್ಳೆ ಅವ್ಳು. ಹೋದ್ ಸಲ ಬಂದಾಗ ಪಲ್ಯ ಸಪ್ಪೆ ಅಂತ ಬೈದ್ಬುಟ್ಟೆ. ಎಲ್ಲಾರ ಮುಂದೂ ಬೈದೆ. ಅದ್ಕೇ ಬತ್ತಿಲ್ಲ. ನಂದೇ ತಪ್ಪು.”

ಪಲ್ಯ ಸಪ್ಪೆ ಎಂದದ್ದಕ್ಕೆ! ತಿಂಗಳುಗಟ್ಟಲೆ ಆ ಹೆಂಗಸು ಹಾಸಿಗೆಯಲ್ಲಿ ಮಲಗಿ ಆ ಒಂದು ಮಾತನ್ನು ಮನಸ್ಸಿನಲ್ಲಿ ಉರುಳಿಸಿಕೊಂಡು ಕೊರಗಿದ್ದಾರೆ. ನನ್ನ ಕೈ ನಿಂತಿತು. ಬಾಯಿ ತಾನಾಗಿ ತೆರೆಯಿತು.

“ಮುನಿಸಿಲ್ಲ ಅಜ್ಜಿ. ಅವ್ರಿಗೆ ಮೈ ಸರಿ ಇಲ್ಲ. ನಿಮ್ಮ ಮೊಕ ನೋಡ್ಬೇಕು ಅಂತ ಕೇಳ್ತಾವ್ರೆ.”

ಅಜ್ಜಿ ತಿರುಗಲು ನೋಡಿದರು, ಆಗಲಿಲ್ಲ. ನಾನೇ ಎದುರು ಬಂದು ಮಂಡಿಯೂರಿದೆ. ಅವರು ನನ್ನ ಮುಖವನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ತಂಗಿಗೆ ಏನಾಗಿದೆ ಎಂದು ಕೇಳುತ್ತಾರೆಂದುಕೊಂಡೆ. ಕೇಳಿದ್ದು ಅದಲ್ಲ.

“ನೀ ಆರ ಮನೆ ಹೆಣ್ಣು?”

ಹೇಳಿದೆ. ಅಪ್ಪನ ಕುಲ ಹೇಳಿದೆ, ಅಮ್ಮನ ಕುಲ ಹೇಳಿದೆ, ಅಪ್ಪನ ಅಮ್ಮ ಯಾವ ಊರಿನಿಂದ ಬಂದವಳು ಎಂದು ಕೇಳಿದರು, ಅದನ್ನೂ ಹೇಳಿದೆ. ತಮಿಳನ್ನೇ ಮರೆತ ಆ ತಲೆಯಲ್ಲಿ ಕಣಿವೆಯ ಸಂಬಂಧಗಳೆಲ್ಲ ಮಾಸದೆ ಇದ್ದವು. ತುಟಿ ಅಲುಗಿಸುತ್ತ ಲೆಕ್ಕ ಹಾಕಿದರು.

“ಅಂಗಾದ್ರೆ ನಂಗೆ ನೀ ಅಣ್ಣನ ಮಗಳು ಆಗ್ಬೇಕು” ಎಂದರು. ಮುಖ ಒಮ್ಮೆಲೇ ಅರಳಿತು. “ಸೊಸೆ ವರಸೆ! ಆವಾಗ ಗೊತ್ತಿದ್ರೆ ನನ್ ಮಗನ್ಗೆ ನಿನ್ನೇ ತತ್ತಿದ್ದೆ.”

ತಲೆ ಎತ್ತಿ ನೋಡುತ್ತೇನೆ, ಬಾಗಿಲಲ್ಲಿ ಯಜಮಾನಿ ನಿಂತಿದ್ದಾರೆ, ಕೈಯಲ್ಲಿ ಅತ್ತೆಯ ಗಂಜಿ ಬಟ್ಟಲು. ನಾನು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರಿಗೂ ತಿಳಿಯಲಿಲ್ಲ. “ನಿನಗೆ ನಮ್ಮ ಮಾತು ಬರುತ್ತಾ?” ಎಂದು ತಮಿಳಿನಲ್ಲೇ ಕೇಳಿದರು. “ಬತ್ತದೆ ಅಕ್ಕ” ಎಂದೆ. ನಾನು ಬಂದಾಗಿನಿಂದ ತಾವು ಆಡಿದ ಮಾತೆಲ್ಲ ಅವರ ಕಣ್ಣ ಮುಂದೆ ಹಾದುಹೋಗುವುದು ನನಗೇ ಕಾಣುತ್ತಿತ್ತು, ಉಪ್ಪಿನ ಸಾರು, ನನ್ನ ಊಟ, ಎಲ್ಲ. ಅವರ ಕೈ ತಾನಾಗಿ ಸೊಂಟದ ಕೀಲಿಗೊಂಚಲಿಗೆ ಹೋಗಿ, ನಾಚಿಕೊಂಡು ಕೆಳಗಿಳಿಯಿತು. ಅಷ್ಟರಲ್ಲಿ ಅಜ್ಜಿ ಗುಡುಗಿದರು: “ನನ್ ಮಗನ್ ಕೂಗು. ಗಾಡಿ ತೆಗಿ ಅನ್ನು. ನನ್ ತಂಗಿ ತಾವ ಹೋಗ್ಬೇಕು.”

ಅಂಗಡಿಯಿಂದ ಮಗ ಬಂದರು. ನನ್ನ ಮೇಲೆ ಕೂಗಾಡಿದರು. ತಾಯಿಗೆ ಏನಾದರೂ ಆದರೆ ನೀನೇ ಹೊಣೆ ಎಂದರು. ನನಗೂ ತಡೆಯಲಾಗಲಿಲ್ಲ. “ಆಗಬಾರದ್ದು ಆದ್ರೆ ತಂಗಿ ಮುನಿಸ್ಕೊಂಡವ್ಳೆ ಅಂತ ಅನ್ಕೊಂಡೇ ಹೋಯ್ತಾರೆ, ಅದು ಸರೀನಾ?” ಎಂದೆ. ಅವರು ತಾಯಿಯ ಮುಖ ನೋಡಿದರು. ಆಮೇಲೆ ಡಾಕ್ಟರಿಗೆ ಫೋನು ಮಾಡಿದರು, ಹಿಂದಿನ ಸೀಟಿಗೆ ಹಾಸಿಗೆ ಹಾಕಿಸಿದರು, ನನ್ನ ಮುಖ ನೋಡದೆ “ನೀನೂ ಹತ್ತು” ಎಂದರು. ಅಜ್ಜಿಯನ್ನು ಹಿಡಿದು ಕೂರಲು ಯಾರಾದರೂ ಬೇಕಿತ್ತಲ್ಲ.

ವತ್ತಲಗುಂಡು, ದೇವದಾನಪಟ್ಟಿ, ತೇನಿ, ಚಿನ್ನಮನೂರು. ಊರಿಗೆ ಹೋಗಲು ನಾನು ಬಸ್ಸಿನಲ್ಲಿ ನಿಂತುಕೊಂಡು ಹೋಗುವ ಅದೇ ರಸ್ತೆ. ಅಜ್ಜಿಯ ತಲೆ ನನ್ನ ತೊಡೆಯ ಮೇಲಿತ್ತು. ಹೊಂಡ ಬಂದಾಗಲೆಲ್ಲ ಮಗ ಮುಂದಿನಿಂದ ತಿರುಗಿ ನೋಡುತ್ತಿದ್ದರು. ಚಿನ್ನಮನೂರು ದಾಟಿ ಎರಡೂ ಕಡೆ ಬಾಳೆ, ಗದ್ದೆ ಕಾಣತೊಡಗಿದ ಮೇಲೆ ಅಜ್ಜಿ “ನೀರ್ ಬಂದೈತೆ ಗದ್ದೇಗೆ” ಎಂದರು. ಯಜಮಾನಿ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅವರಿಗೆ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಹೊಳೆಯಲಿಲ್ಲವೆಂದು ಕಾಣುತ್ತದೆ.

ಅಕ್ಕನನ್ನು ಕುರ್ಚಿಯ ಸಮೇತ ಎತ್ತಿ ತಂಗಿಯ ಮಂಚಕ್ಕೆ ತಾಗಿಸಿ ಇಟ್ಟೆವು. ಯಾರೂ ಅಳಲಿಲ್ಲ. ತಂಗಿ ಸುಮಾರು ಹೊತ್ತು ನೋಡಿ, ನಳಿಕೆಯ ಸಂದಿಯಿಂದ, “ತಲೆ ಆರು ಬಾಚಿದ್ದು? ಸಂದಾಕಿ ಬಾಚವ್ರೆ” ಎಂದರು. ಅಕ್ಕ, “ನಿನ್ ಪಲ್ಯ ಸಪ್ಪೆ ಇರ್ಲಿಲ್ಲ ಕಣೇ” ಎಂದರು. ತಂಗಿಗೆ ಆ ಪಲ್ಯದ ನೆನಪೇ ಇರಲಿಲ್ಲ. “ಯಾವ ಪಲ್ಯ?” ಎಂದು ಕೇಳಿದರು. ಆಮೇಲೆ ಇಬ್ಬರೂ ಕೈ ಹಿಡಿದುಕೊಂಡರು. ಅವತ್ತು ನಾನು ಮಾಡಿದ್ದು ಸರಿ ಎಂದು ಆಗಲೂ ಅನಿಸಿತು, ಈಗಲೂ ಅನಿಸುತ್ತದೆ.

ಆ ಮನೆಯ ಸೊಸೆ ಎಲ್ಲರಿಗೂ ಚೊಂಬಿನಲ್ಲಿ ನೀರು ತಂದಳು. ನಾನು ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆ. ಚೊಂಬು ನನ್ನ ಹತ್ತಿರವೂ ಬಂತು. ಕುಡಿದೆ. ಕುಡಿದ ಮೇಲೆ ಬರುವ ಪ್ರಶ್ನೆ ಬಂದೇ ಬಂತು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಮಂಚದ ಕಡೆಯಿಂದ ಕೂಗಿ ಹೇಳಿದರು: “ನನ್ ಅಣ್ಣನ ಮಗಳ ವರಸೆ. ಗೂಡಲೂರ ಹೆಣ್ಣು. ಮನೇಲೇ ಇದ್ದು ನನ್ನ ನೋಡ್ಕತಾಳೆ.” ಹೆಮ್ಮೆಯಿಂದ ಹೇಳಿದರು. ಅಲ್ಲಿದ್ದ ಹೆಂಗಸರು ನನ್ನ ಮಾಸಿದ ಸೀರೆ ನೋಡಿದರು, ಒರಟು ಕೈ ನೋಡಿದರು, ಯಜಮಾನಿಯ ಮುಖ ನೋಡಿದರು. ಉತ್ತಮಪಾಳಯಂನಿಂದ ಗೂಡಲೂರಿಗೆ ಬಸ್ಸಿಗಿಂತ ಬೇಗ ಹೋಗುವುದು ಮಾತು.

ಮರುದಿನ ಬೆಳಿಗ್ಗೆ ಕಾಫಿಗೆ ಕಿಟಕಿಯ ಕಟ್ಟೆಗೆ ಕೈ ಹಾಕಿದರೆ ನನ್ನ ಲೋಟ ಇರಲಿಲ್ಲ. ಯಜಮಾನಿ ತಮ್ಮ ಲೋಟಗಳಲ್ಲಿ ಒಂದನ್ನು ತುಂಬಿ ಎರಡೂ ಕೈಯಲ್ಲಿ ಹಿಡಿದು ತಂದರು. “ತಗಳಿ ಅಕ್ಕ” ಎಂದರು. ಅಷ್ಟು ದಿನ ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ, ಅದು ಎಲ್ಲ ಕೆಲಸದವರೂ ಅನ್ನುವ ಅಕ್ಕಾ. ಈಗ ವಯಸ್ಸಿನಲ್ಲಿ ನಾನು ದೊಡ್ಡವಳು, ಅಜ್ಜಿಗೆ ಇಬ್ಬರೂ ಸೊಸೆ ವರಸೆಯಾದ್ದರಿಂದ ನಿಜವಾದ ಅಕ್ಕ. ಕಾಫಿ ಕುಡಿದು ಸಿಂಕಿನ ಕಡೆ ಹೋದೆ. ಅವರು ಅಡ್ಡ ಬಂದು ನಿಂತರು. “ಬ್ಯಾಡ ಅಕ್ಕ. ನೀವು ತೊಳೆದ್ರೆ ನಮಗೆ ಆಗಲ್ಲ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡುತ್ತಿದ್ದೆ. ಅವರ ಕಣ್ಣಿನಲ್ಲಿದ್ದದ್ದು ನಾಚಿಕೆ, ನಾಚಿಕೆಯ ಜೊತೆ ಹೇಗೆ ಜಗಳವಾಡುವುದು? “ಅಜ್ಜಿ ಕೆಲಸ ಮಾತ್ರ ಮಾಡ್ತೀನಿ, ಅದು ಅತ್ತೆ ಸೇವೆ ಅಂದ್ಕೊಳ್ಳಿ” ಎಂದೆ. ಅವರು ತಲೆಯಾಡಿಸಿದರು. ಜನ ಏನಂದುಕೊಳ್ಳುತ್ತಾರೆ ಎಂದರು.

ಹೊರಡುವ ದಿನ ಸಂಬಳದ ಮೇಲೆ ಒಂದು ಸೀರೆ ಇಟ್ಟು, ಅರಿಶಿನ ಕುಂಕುಮ, ವೀಳ್ಯದೆಲೆ ಕೊಟ್ಟರು. ನೆಂಟರನ್ನು ಕಳಿಸುವ ಹಾಗೆ. ಅಜ್ಜಿ ನನ್ನ ಕೈ ಬಿಡಲಿಲ್ಲ. “ಎತ್ತ ಹೋಯ್ತೀಯ?” ಎಂದು ಕೇಳುತ್ತಲೇ ಇದ್ದರು. ಅವರಿಗೆ ಯಾರೂ ತಿಳಿಸಿ ಹೇಳಲಿಲ್ಲ, ನನ್ನಿಂದಲೂ ಆಗಲಿಲ್ಲ. “ಬತ್ತೀನಿ” ಎಂದು ಹೊರಟೆ. ಅವರ ತಂಗಿ ಅದಾದ ಮೇಲೆ ಹೆಚ್ಚು ದಿನ ಉಳಿಯಲಿಲ್ಲವೆಂದು ಆಮೇಲೆ ತಿಳಿಯಿತು.

ಊರಲ್ಲಿ ಅಮ್ಮ ನನ್ನೊಂದಿಗೆ ಮಾತು ಬಿಟ್ಟಳು. ಹಾಲಿನ ಡೈರಿಯ ಹತ್ತಿರ ಒಬ್ಬಳು “ಮಿಲ್ಲಲ್ಲಿ ನೂಲು ಚೆನ್ನಾಗಿ ಬತ್ತದಾ?” ಎಂದು ಹಂಗಿಸಿದಳು. “ಬತ್ತದೆ, ನಿನ್ನ ಬಾಯಿ ಹೊಲಿಯೋವಷ್ಟು ಬತ್ತದೆ” ಎಂದೆ. ಮಗಳು ಮಾತ್ರ ನಕ್ಕಳು. ನಾನು ಮತ್ತೆ ದಿಂಡಿಗಲ್ಲಿಗೆ ಬಂದೆ, ಈ ಸಲ ತಮಿಳಿನವರ ಮನೆಗೆ. ಅಲ್ಲಿ ಮುಚ್ಚಿಡಲು ಏನೂ ಇಲ್ಲ. ಕೆಲಸ ಸುಲಭ. ಆದರೂ ತಲೆ ಬಾಚುವ ಹೊತ್ತಿಗೆ ಕೈ ಸುಮ್ಮನಿರುವುದಿಲ್ಲ. ಆಳಾಗಿದ್ದಾಗ ಆ ಅಜ್ಜಿಯ ಹತ್ತಿರ ಹಗಲೆಲ್ಲ ಇದ್ದೆ, ಮಾತಾಡುವಂತಿರಲಿಲ್ಲ. ಈಗ ಬೇಕಾದಷ್ಟು ಮಾತಾಡಬಹುದು, ಹತ್ತಿರ ಇರುವಂತಿಲ್ಲ. ನೆಂಟಳಾದ ಮೇಲೆ ಹಬ್ಬಕ್ಕೋ ಸಾವಿಗೋ ಹೋಗಬೇಕು, ಅಷ್ಟೇ.

ಅಜ್ಜಿಯ ಹತ್ತಿರ ನನ್ನ ಜಾಗಕ್ಕೆ ಅವರು ಯಾರನ್ನು ಇಟ್ಟುಕೊಂಡರು ಗೊತ್ತೇ? ನಮ್ಮ ಜಾರ್ಖಂಡಿನವಳನ್ನು. ದೂರದವಳು, ತಮಿಳೇ ಸರಿಯಾಗಿ ಬಾರದು, ಇನ್ನು ಕನ್ನಡ ಎಲ್ಲಿಂದ ಬಂದೀತು ಎಂದು ಬೇಕೆಂದೇ ಆರಿಸಿದ್ದು. ಒಂದು ಭಾನುವಾರ ಅವಳು ಬಂದು ಬೆಂಚಿನ ಮೇಲೆ ಕುಸಿದಳು. “ಆ ಅಜ್ಜಿ ಏನು ಹೇಳ್ತಾರೋ ಒಂದೂ ತಿಳಿಯಲ್ಲ. ಹೇಳ್ತಾರೆ, ಹೇಳ್ತಾರೆ, ಆಮೇಲೆ ಅಳ್ತಾರೆ” ಎಂದಳು. ಬಾಯಿ ಮುಚ್ಚು ಎಂದವಳು ಇವಳೇ. ಈಗ ಕಣ್ಣಲ್ಲಿ ನೀರು ಹಾಕುತ್ತಿದ್ದಳು.

ಅವತ್ತು ನಾನು ನನ್ನ ಕಥೆ ಬರೆಯಲಿಲ್ಲ. ಅವಳ ಪಕ್ಕ ಕೂತು ಬಾಯಾರ್ತೈತೆ ಎಂದರೆ ಏನು, ಚಳಿ ಎಂದರೆ ಏನು, ಕಾಲು ಹಿಡ್ಕೊಂಡೈತೆ ಎಂದರೆ ಎಲ್ಲಿ ತಿಕ್ಕಬೇಕು ಎಂದು ಹೇಳಿದೆ. ಅವಳು ಹಿಂದಿ ಅಕ್ಷರದಲ್ಲಿ ಬರೆದುಕೊಂಡು ಮತ್ತೆ ಮತ್ತೆ ಹೇಳಿದಳು. ಮುಂದಿನ ಭಾನುವಾರಗಳಲ್ಲೂ ಅದೇ ಪಾಠ. ಅವಳ ನಾಲಿಗೆಯಲ್ಲಿ ನಮ್ಮ ಮಾತು ಕಲ್ಲು ರಸ್ತೆಯ ಬಂಡಿಯಂತೆ ಎದ್ದು ಬಿದ್ದು ಹೋಗುತ್ತಿತ್ತು, ನಾವಿಬ್ಬರೂ ನಗುತ್ತಿದ್ದೆವು. ಇದೂ ದುಡಿಮೆಯ ಬರಹವೇ, ಮುಂದುವರಿಸಿ ಎಂದರು ಟೀಚರ್. ಅವತ್ತು ಮೊದಲ ಸಲ ಅವರ ಮೇಲೆ ನನಗೆ ರೇಗಲಿಲ್ಲ.

ಪೊಂಗಲ್ ಆದ ಮೇಲೆ ಬಾಳೆಹಣ್ಣು ಹಿಡಿದು ಅಜ್ಜಿಯನ್ನು ನೋಡಲು ಹೋದೆ. ನೆಂಟಳಂತೆಯೇ ಹೋದೆ, ಮುಂಬಾಗಿಲಿನಿಂದ. ಯಜಮಾನಿ ಚೊಂಬಿನಲ್ಲಿ ನೀರು ಕೊಟ್ಟರು, ಕುರ್ಚಿ ಹಾಕಿದರು, ಅಜ್ಜಿ ಈಗಷ್ಟೇ ನಿದ್ದೆ ಹೋಗಿದ್ದಾರೆ ಎಂದು ಹೇಳಿ ಕಾಫಿ ತಂದರು. ಹಿಂದಿನ ಕಿಟಕಿಯ ಕಟ್ಟೆ ಅಲ್ಲಿಂದಲೇ ಕಾಣುತ್ತಿತ್ತು. ಒಂದು ಹೊಸ ಲೋಟ, ಬುಡದಲ್ಲಿ ಕೆಂಪು ಬೊಟ್ಟು. ಒಳಕೋಣೆಯಿಂದ ಅಜ್ಜಿಯ ದನಿ ಬಂತು, “ಬಾಯಾರ್ತೈತೆ” ಎಂದು. ನಾನು ಅರ್ಧ ಎದ್ದಿದ್ದೆ. “ಕೂತ್ಕಳಿ ಅಕ್ಕ, ಆ ಹೆಣ್ಣು ಐತೆ. ಅದ್ಕೆ ತಿಳಿಯಲ್ಲ, ನಾನೇ ಹೋಗಿ ಹೇಳ್ತೀನಿ” ಎಂದು ಯಜಮಾನಿ ಎದ್ದರು.

ಅವರು ಬಾಗಿಲು ಮುಟ್ಟುವ ಮೊದಲೇ ಒಳಗಿನಿಂದ ಜಾರ್ಖಂಡಿನವಳ ದನಿ ಕೇಳಿತು, ನಾನು ಕಲಿಸಿದ ಹಾಗೆಯೇ, ಗೂಡಲೂರಿನ ಮಾತಿನಲ್ಲಿ: “ತಾಳಜ್ಜಿ. ನೀರ್ ತತ್ತೀನಿ.”

ಯಜಮಾನಿ ಅಲ್ಲೇ ನಿಂತರು. ಅವರ ಕೈ ಸೊಂಟದ ಕೀಲಿಗೊಂಚಲಿಗೆ ಹೋಯಿತು. ಒಳಗೆ ಲೋಟ ಇಟ್ಟ ಸದ್ದು ಬಂತು. ಆಮೇಲೆ ಅಜ್ಜಿ, ಖುಷಿ ತುಂಬಿದ ದನಿಯಲ್ಲಿ, ಕೇಳಿದರು:

“ನೀ ಆರ ಮನೆ ಹೆಣ್ಣು?”

ಅದಕ್ಕೆ ಉತ್ತರವನ್ನು ನಾನು ಕಲಿಸಿರಲಿಲ್ಲ. ಅವಳು ಬಾಗಿಲಿಗೆ ಬಂದು ಯಜಮಾನಿಯ ಹೆಗಲ ಮೇಲಿನಿಂದ ನನ್ನನ್ನೇ ನೋಡಿದಳು. ನಾನು ಕಾಫಿ ಕೆಳಗಿಟ್ಟು ಎದ್ದೆ.